ಒಂದನೇ ಚೌಕ

ಕೌಂಟರಿನಾಚೆಯಿಂದ ಬಂದ ಕಾಗದದಲ್ಲಿ ಎರಡೇ ಹೆಸರಿದ್ದವು: ನೀರಜಾ, ಅಮೂಲ್ಯ. ನೀರಜಾ ಹಾಳೆಯನ್ನು ತಿರುಗಿಸಿ ನೋಡಿದಳು. ಹಿಂದೆ ಏನೂ ಇರಲಿಲ್ಲ.

"ಸುಮಿಮಾಸೆನ್, ನನ್ನ ಗಂಡನ ಹೆಸರು ಬಿಟ್ಟುಹೋಗಿದೆ," ಎಂದು ತನ್ನ ಹರಕುಮುರುಕು ಜಪಾನಿಯಲ್ಲಿ ಹೇಳಿದಳು.

ಜಪಾನಿನ ಉರಯಾಸು ನಗರದ ಕಚೇರಿ ಕೊಡುವ ಈ ನಿವಾಸ ಪತ್ರವಿಲ್ಲದೆ ತಾಯಿ-ಮಗಳ ವೀಸಾ ನವೀಕರಣವಾಗುವಂತಿರಲಿಲ್ಲ. ಆ ವೀಸಾ ನಿಂತಿದ್ದೇ ಗಂಡ ಶ್ರೀಕಂಠನ ಕೆಲಸದ ಮೇಲೆ. ಅವನು ಕೆನ್ಯಾದ ಕಡಲತೀರದ ಕಿಲಿಫಿಗೆ ಹೋಗಿ ಇಪ್ಪತ್ತಾರು ದಿನವಾಗಿತ್ತು.

"ತಲೆ ಕೆಟ್ಟೋಗಿದೆ ಕಣೆ. ಹತ್ತು ದಿನ ಸುಮ್ನೆ ಸಮುದ್ರ ನೋಡ್ಕೊಂಡು ಬರ್ತೀನಿ. ಚೆನ್ನಾಗಿದ್ರೆ ಬೇಸಿಗೆ ರಜಕ್ಕೆ ಮೂವರೂ ಹೋಗೋಣ," ಎಂದಿದ್ದ. ಒಂದೇ ಒಂದು ಫೋಟೋ ಕಳಿಸಿದ್ದ: ನೀರು ಇಳಿದ ತೀರ, ಮರಳಿನ ಮೇಲೆ ವಾಲಿದ ದೋಣಿ, ಒಂದು ನರಪಿಳ್ಳೆಯೂ ಇಲ್ಲ. ಆಮೇಲೆ ಫೋನು ಸ್ವಿಚ್ ಆಫ್. ಶ್ರೀಕಂಠ ರಜದಲ್ಲಿದ್ದಾರೆ ಎಂದಷ್ಟೇ ಅವನ ಆಫೀಸಿನವರು ಹೇಳಿದ್ದರು. ಜ್ವರವೋ ಅಪಘಾತವೋ ಎಂದು ನೀರಜಾ ನಂಜನಗೂಡಿಗೆ ಹರಕೆ ಹೊತ್ತಿದ್ದಳು.

ಕೌಂಟರಿನ ಹೆಂಗಸು ಕಂಪ್ಯೂಟರ್ ನೋಡಿ ಮೆಲ್ಲಗೆ ಏನೇನೋ ಹೇಳಿದಳು. ಎಂಟು ವರ್ಷದ ಅಮೂಲ್ಯಳೇ ಅದನ್ನು ತಾಯಿಗೆ ತಿಳಿಸಬೇಕಾಯಿತು.

"ಮಮ್ಮಾ, ಪಪ್ಪಾ ಏರ್‌ಪೋರ್ಟಲ್ಲಿ ರೆಸಿಡೆನ್ಸ್ ಕಾರ್ಡ್ ವಾಪಸ್ ಕೊಟ್ರಂತೆ. ಆ ಬಾಕ್ಸ್ ಟಿಕ್ ಮಾಡಿಲ್ವಂತೆ. ಸೋ, ಹಿ ಡಸಂಟ್ ಲಿವ್ ಹಿಯರ್ ಎನಿಮೋರ್. ಮರೆತೋದ್ರಾ?"

ದೇಶ ಬಿಡುವಾಗ ತುಂಬುವ ಚೀಟಿಯಲ್ಲಿ, ಮರಳಿ ಬರುತ್ತೇನೆ ಎನ್ನುವವರಿಗೊಂದು ಪುಟ್ಟ ಚೌಕವಿರುತ್ತದೆ. ಗುರುತು ಹಾಕದೆ ಹೋದರೆ ಇಲ್ಲಿನ ವಾಸ ಅಲ್ಲಿಗೆ ಮುಗಿಯಿತು. ಮರೆಯುವವನೇ ಶ್ರೀಕಂಠ? ಊರಿಗೆ ಹೊರಟ ಕನ್ನಡಿಗರಿಗೆಲ್ಲ ಅದನ್ನೇ ಹೇಳಿ ಹೇಳಿ ತಲೆ ತಿಂದವನು. ಹೆಂಡತಿಯ ಚೀಟಿಯನ್ನಂತೂ ಒಂದು ಸಲವೂ ಅವಳ ಕೈಗೆ ಬಿಟ್ಟವನಲ್ಲ.

ನೀರಜಾ ಬೆಂಚಿನ ಮೇಲೆ ಕೂತಳು. ಅವನು ಸತ್ತಿದ್ದರೂ ಇದಕ್ಕಿಂತ ವಾಸಿಯಿತ್ತು ಎಂದು ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೇ ಹೆದರಿದಳು.

ಫೋನು ಹೊಡೆದುಕೊಂಡಿತು. ಶಿನಾಗಾವಾದ ಅನೂಪ್, ಹೋದ ವರ್ಷವಷ್ಟೇ ಬೆಂಗಳೂರಿನಿಂದ ಬಂದ ಹುಡುಗ.

"ಅತ್ತಿಗೆ, ಸಾರಿ, ಶ್ರೀಕಂಠಣ್ಣ ಫೋನಿಗೆ ಸಿಗ್ತಾ ಇಲ್ಲ. ಅಕ್ಕನ ಮದುವೇಗೆ ಹೊರಟಿದೀನಿ, ಏರ್‌ಪೋರ್ಟಲ್ಲಿದೀನಿ. ಆ ಚೀಟೀಲಿ ಒಂದು ಬಾಕ್ಸ್ ಟಿಕ್ ಮಾಡ್ಲೇಬೇಕು ಅಂದಿದ್ರಲ್ಲ, ಯಾವುದು?"

ಅಮೂಲ್ಯ ತಾಯಿಯ ಮುಖವನ್ನೇ ನೋಡುತ್ತಿದ್ದಳು.

"ವಾಪಸ್ ಬರ್ತೀಯಲ್ವಾ?" ಎಂದಳು ನೀರಜಾ.

"ಬರ್ದೇ ಇರ್ತೀನಾ ಅತ್ತಿಗೆ!"

"ಹಾಗಾದ್ರೆ ಒಂದನೇದು. ಈಗ್ಲೇ ಹಾಕು, ನಾನು ಲೈನಲ್ಲೇ ಇರ್ತೀನಿ."

"ಹಾಕಿದೆ ಅತ್ತಿಗೆ" ಎಂಬ ಮಾತು ಕೇಳುವವರೆಗೂ ಅವಳು ಫೋನನ್ನು ಕಿವಿಗೆ ಒತ್ತಿ ಹಿಡಿದಿದ್ದಳು.