ಸಲಾಂ ಹೇಳದ ಭಾವ

ನಮ್ಮ ಊರಿನಲ್ಲಿ ಅಷ್ಟು ವರ್ಷ ಬಾಳಿದರೂ ಅಲೋಯಿಸ್ ಒಬ್ಬರ ಸಲಾಮಿಗೂ ಸಲಾಂ ಎಂದು ಮರುನುಡಿದವನಲ್ಲ. ಎದೆಯ ಮೇಲೆ ಕೈಯಿಟ್ಟು, ತಲೆಯನ್ನು ತುಸು ಬಾಗಿಸಿ, ನಮ್ಮದೇ ಅರಬ್ಬಿಯಲ್ಲಿ 'ಬೆಳಗು ಒಳ್ಳೆಯದಾಗಲಿ' ಎನ್ನುತ್ತಿದ್ದ. ಹೊತ್ತು ಇಳಿದರೆ 'ಸಂಜೆ ಒಳ್ಳೆಯದಾಗಲಿ'. ಹೇಗಿದ್ದೀಯೆಂದು ಕೇಳಿದರೆ 'ಚೆನ್ನಾಗಿದ್ದೇನೆ' ಎಂದಷ್ಟೇ ಹೇಳಿ ಬಾಯಿ ಮುಚ್ಚುತ್ತಿದ್ದ. ಅದರ ಬೆನ್ನಿಗೇ ಬರಬೇಕಾದ, ದೇವರಿಗೆ ಸ್ತೋತ್ರ ಎನ್ನುವ 'ಅಲ್‌ಹಮ್ದುಲಿಲ್ಲಾಹ್' ಬಾರದೆ, ಕೇಳಿದವರ ಮುಖ ಸೀನು ಅರ್ಧಕ್ಕೆ ನಿಂತವರ ಮುಖದಂತಾಗುತ್ತಿತ್ತು. ಗಾರೆಯವನು "ನಾಳೆ ಬರ್ತೀನಿ, ಇನ್ಶಾ ಅಲ್ಲಾಹ್" ಎಂದರೆ, "ದೇವರ ವಿಚಾರ ಆಮೇಲೆ ನೋಡೋಣ, ನೀನು ಬರ್ತೀಯೋ ಇಲ್ವೋ ಅಷ್ಟು ಹೇಳು" ಎನ್ನುವ ಆಸಾಮಿ.

ಮೂರು ಕಡೆ ಕಡಲು ಸುತ್ತಿದ ನಮ್ಮೂರು ಮಹ್ದಿಯಾದಲ್ಲಿ ಹತ್ತುವುದಕ್ಕೆ ಗುಡ್ಡವೆಂಬುದಿಲ್ಲ. ಆದರೂ ಆಸ್ಟ್ರಿಯಾದ ಬೆಟ್ಟಗಾಡಿನಲ್ಲಿ ಹುಟ್ಟಿದ ಆ ಕಾಲುಗಳು ಸಮತಟ್ಟಾದ ಬೀದಿಯಲ್ಲೂ ಮಂಡಿಯನ್ನು ಎತ್ತೆತ್ತಿ, ಕಾಣದ ಏರೊಂದನ್ನು ಹತ್ತುತ್ತಲೇ ಇರುತ್ತಿದ್ದವು. ಕೊಂಬಿನ ಗುಂಡಿಗಳ ಹಸಿರು ಉಣ್ಣೆಯ ಕೋಟೊಂದು ಚಳಿಯಲ್ಲೂ ಸೆಕೆಯಲ್ಲೂ ಅವನ ಹೆಗಲ ಮೇಲಿರುತ್ತಿತ್ತು. ನಮ್ಮ ಓಣಿಯ ಬಹಿಜಾ ಅವನ ದೇಶಕ್ಕೆ ದಾದಿಯ ಕೆಲಸಕ್ಕೆಂದು ಹೋದವಳು, ಅಲ್ಲಿಯೇ ನಗರಸಭೆಯ ಕಚೇರಿಯಲ್ಲಿ ಅವನನ್ನು ಮದುವೆಯಾಗಿ, ತಲೆ ನರೆತ ಮೇಲೆ ಅವನನ್ನೂ ಕರೆದುಕೊಂಡು ತವರಿಗೆ ಮರಳಿದಳು. ಊರು ಅವಳ ಮುಖ ನೋಡಿ ಅವನನ್ನು ಸೇರಿಸಿಕೊಂಡಿತು. ಅವಳ ತಮ್ಮ ಹಮ್ಮಾದಿ ಮಾತ್ರ ಸೇರಿಸಿಕೊಳ್ಳಲಿಲ್ಲ.

ಹಮ್ಮಾದಿ ದೋಣಿಯ ಒಡೆಯ, ಐದು ಹೊತ್ತಿನ ನಮಾಜು ತಪ್ಪಿಸದವನು, ಮಾತು ಕಡಿಮೆ. ಅಕ್ಕನ ಗಂಡನನ್ನು ಅವನು ಒಮ್ಮೆಯೂ ಭಾವ ಎನ್ನಲಿಲ್ಲ. 'ಸಾಹೇಬ' ಎಂದೇ ಕರೆದ. ಆಲದ ಮರಗಳ ಕೆಳಗಿನ ಕಾಫಿ ಅಂಗಡಿಗೆ ಅವನು ಬಂದು ಸಲಾಂ ಹೇಳಿದಾಗಲೆಲ್ಲ ಎಲ್ಲಿ ಜಗಳವಾಗುತ್ತದೋ ಎಂದು ನನಗೆ ಅಳುಕು. ಗುಂಪಿಗೆ ಸಲಾಂ ಬಂದರೆ ಒಬ್ಬ ಮರುನುಡಿದರೂ ಸಾಕು, ಎಲ್ಲರದ್ದೂ ಸಂದ ಹಾಗೆ ಎಂಬುದು ನಮ್ಮ ಹಿರಿಯರು ಕಲಿಸಿದ ನಿಯಮ. ಆ ಧೈರ್ಯದ ಮೇಲೆ ಅಲೋಯಿಸನ ಪಕ್ಕದಲ್ಲಿ ಕೂತ ನಾನು ಒಂದಿಷ್ಟು ಗಟ್ಟಿಯಾಗಿಯೇ ಮರುನುಡಿಯುತ್ತಿದ್ದೆ. ಒಮ್ಮೆ ಹಮ್ಮಾದಿ ನಿಂತಲ್ಲಿಯೇ ಹೇಳಿದ: "ಮೇಷ್ಟ್ರೇ, ಒಂದೇ ಗಂಟಲಲ್ಲಿ ಇಬ್ಬರ ಮಾತು ಬರ್ತಿದೆಯಲ್ಲ. ನಿಮ್ಮ ಪಕ್ಕದವರಿಗೆ ನಾಲಿಗೆ ಇಲ್ವೇನು?"

ಡಾಮಿನೋ ಬಿಲ್ಲೆಗಳ ಸದ್ದು ನಿಂತುಹೋಯಿತು. ಅಲೋಯಿಸ್ ತಲೆ ಎತ್ತಿ, ಎದೆಯ ಮೇಲೆ ಕೈಯಿಟ್ಟು, "ಬೆಳಗು ಒಳ್ಳೆಯದಾಗಲಿ, ಹಮ್ಮಾದಿ" ಎಂದ. ಹಮ್ಮಾದಿ ಕಾಫಿ ಕುಡಿಯದೆ ಹೊರಟುಹೋದ.

ಅಂದು ನನಗೂ ಸಿಟ್ಟು ಬಂತು. "ಅಲ್ಲ ಮಾರಾಯ, ದೇವರ ಶಾಂತಿ ಇರಲಿ ಅನ್ನೋದಕ್ಕೆ ನಿನ್ನ ಗಂಟೇನು ಹೋಗುತ್ತೆ? ನಮ್ಮೂರ ಅರ್ಧ ಜನಕ್ಕೆ ಅದು ಬರೀ ಬಾಯಿಪಾಠ" ಎಂದೆ.

"ಅದೇ ಕಷ್ಟ ಮೇಷ್ಟ್ರೇ. ನಮ್ಮೂರಲ್ಲೂ ಅದು ಬಾಯಿಪಾಠವೇ" ಎಂದ. ಅವನ ಕಣಿವೆಯಲ್ಲಿ ದಾರಿಹೋಕನಿಗೂ 'ದೇವರು ಹರಸಲಿ' ಎಂದೇ ವಂದಿಸಬೇಕಂತೆ. ಹದಿಹರೆಯದಲ್ಲಿ ನಂಬಿಕೆ ಕಳಚಿದ ಮೇಲೆ ಆ ಮಾತನ್ನು ಆಡುವುದು ಸುಳ್ಳುಸಾಕ್ಷಿ ಹೇಳಿದಂತೆ ಎಂದು ಅವನಿಗೆ ತೋರಿತು, ಬಿಟ್ಟುಬಿಟ್ಟ. ಅವನ ಅಪ್ಪ ರೊಟ್ಟಿ ಸುಡುವವನು. 'ಆ ಮಾತು ಹೇಳದವನು ನನ್ನ ಹೊಸ್ತಿಲು ದಾಟಬಾರದು' ಎಂದ. ಮಗ ದಾಟಲಿಲ್ಲ. ಅಪ್ಪ ಸತ್ತ ಸುದ್ದಿ ಬಂದದ್ದು ಬೇರೆಯವರ ಬಾಯಿಂದ.

"ಜನ ಬೇರೆ, ಪದ್ಧತಿ ಬೇರೆ ಅಂತೆಲ್ಲ ನಮ್ಮ ಕಡೆಯವರು ದೊಡ್ಡ ಭಾಷಣ ಮಾಡ್ತಾರೆ. ನನಗೆ ನಿಮ್ಮೂರೂ ನಮ್ಮೂರೂ ಒಂದೇ, ಎರಡೂ ಕಡೆ ದೇವರ ಹೆಸರು ಹೇಳಿದ್ರೇನೇ ಮನುಷ್ಯ. ಹೆತ್ತಪ್ಪನಿಗೆ ಕೊಡದೆ ಇದ್ದ ಮಾತನ್ನ ನಿಮಗೆ ಕೊಟ್ಟುಬಿಟ್ರೆ ಆ ಮುದುಕನಿಗೆ ಮೋಸ ಮಾಡಿದ ಹಾಗಾಗಲ್ವೇ?" ಎಂದು ಹೇಳಿ ಬಿಲ್ಲೆಗಳನ್ನು ಮತ್ತೆ ಕಲಸತೊಡಗಿದ.  ಅಂದು ನಾನು ಮತ್ತೆ ಆ ಮಾತು ಎತ್ತಲಿಲ್ಲ.

ಬಹಿಜಾ ತೀರಿಕೊಂಡದ್ದು ಚಳಿಗಾಲದ ಕೊನೆಯಲ್ಲಿ. ನಮ್ಮ ಗೋರಿಗಳಿರುವುದು ದೀಪಸ್ತಂಭದ ಕೆಳಗೆ, ಕಡಲಿನವರೆಗೂ ಇಳಿಯುವ ದಿಣ್ಣೆಯ ಮೇಲೆ. ಗೋಡೆಯಿಲ್ಲ, ಬಾಗಿಲಿಲ್ಲ, ಆದರೆ ಒಳಗೆ ಕಾಲಿಡುವ ಮುನ್ನ ಮಣ್ಣಿನಲ್ಲಿ ಮಲಗಿದವರಿಗೂ ಸಲಾಂ ಹೇಳಬೇಕು. ಹೂಳುವ ದಿನ ಜನವೋ ಜನ. ಆ ಗದ್ದಲದಲ್ಲಿ ಒಂದು ಬಾಯಿ ಸುಮ್ಮನಿದ್ದದ್ದು ಯಾರ ಗಮನಕ್ಕೂ ಬರಲಿಲ್ಲ. ಹಮ್ಮಾದಿಯ ಗಮನಕ್ಕೆ ಮಾತ್ರ ಬಂದಿತ್ತು. ಮುಂದಿನ ಶುಕ್ರವಾರ ಗೋರಿಯ ಬಳಿಗೆ ಹೊರಟ ಅಲೋಯಿಸನನ್ನು ಅವನು ತಡೆದ. ಊರುಗೋಲಿನಿಂದ ಮಣ್ಣಿನ ಮೇಲೆ ಗೆರೆ ಎಳೆದ.

"ಸಾಹೇಬರೇ, ಬದುಕಿರೋರಿಗೆ ನೀವು ಸಲಾಂ ಹೇಳದೆ ಇದ್ರಿ, ಸಹಿಸಿಕೊಂಡ್ವಿ. ಇವರು ನಮ್ಮ ಅಪ್ಪ ಅಮ್ಮ, ನಮ್ಮ ಅಕ್ಕ. ಇದು ಅವರ ಮನೆ ಬಾಗಿಲು. ಸಲಾಂ ಹೇಳಿ ಒಳಗೆ ಬನ್ನಿ. ಇಲ್ಲಾಂದ್ರೆ ಇಲ್ಲೇ ನಿಲ್ಲಿ."

ಗೆರೆಯ ಆಚೆ, ಕೂಗಿದರೆ ಕೇಳಿಸುವಷ್ಟು ದೂರದಲ್ಲಿ, ಬಹಿಜಾಳ ಗೋರಿಯ ಹಸಿ ಸುಣ್ಣ ಬಿಸಿಲಿಗೆ ಹೊಳೆಯುತ್ತಿತ್ತು.  ಅಲೋಯಿಸ್ ಅಲ್ಲಿಯೇ ನಿಂತ.

ಆಮೇಲೆ ಪ್ರತಿ ಶುಕ್ರವಾರವೂ ನಿಂತ. ಆ ಗೆರೆ ಒಂದೇ ಗಾಳಿಗೆ ಅಳಿಸಿಹೋಗಿತ್ತು. ಕಡಲ ಕಡೆಯಿಂದ ಬಂದಿದ್ದರೆ ತಡೆಯುವವರಿರಲಿಲ್ಲ. ಹಮ್ಮಾದಿ ದೋಣಿಯಲ್ಲಿರುವ ದಿನ ಬಂದಿದ್ದರೆ ಕೇಳುವವರೂ ಇರಲಿಲ್ಲ. ಆದರೆ ಕದ್ದು ಹೋಗುವುದೂ ಅವನ ಪಾಲಿಗೆ ಸುಳ್ಳೇ. "ಒಂದು ಸಲ ಗೊಣಗಿಬಿಡೋ, ಯಾರಿಗೆ ಗೊತ್ತಾಗುತ್ತೆ" ಎಂದು ನಾನು ಅಂಗಲಾಚಿದೆ. "ನನಗೆ ಗೊತ್ತಾಗುತ್ತಲ್ಲ" ಎಂದ. ಊರು ಎರಡು ಪಾಲಾಯಿತು. ಮೊಂಡು ಮುದುಕ ಎಂದರು ಕೆಲವರು, ಕಲ್ಲೆದೆಯ ತಮ್ಮ ಎಂದರು ಕೆಲವರು. ನನಗೆ ಇಬ್ಬರ ಮೇಲೂ ಕೋಪವಿತ್ತು, ಇಬ್ಬರನ್ನು ಕಂಡರೂ ಕರುಳು ಚುರುಕ್ಕೆನ್ನುತ್ತಿತ್ತು.

ಬೇಸಿಗೆಯ ಮೊದಲಲ್ಲಿ ಒಂದು ಶುಕ್ರವಾರ ಗಾಳಿ ಎದ್ದು ದೋಣಿಗಳು ಇಳಿಯಲಿಲ್ಲ. ನಾನೂ ಹಮ್ಮಾದಿಯೂ ದೀಪಸ್ತಂಭದ ದಾರಿಯಲ್ಲಿ ಬರುತ್ತಿದ್ದೆವು. ಅಲೋಯಿಸ್ ನಮಗೆ ಬೆನ್ನು ಹಾಕಿ ನಿಂತಿದ್ದ. ಎದೆಯ ಮೇಲೆ ಕೈ, ಗಾಳಿಗೆ ಬಡಿದುಕೊಳ್ಳುವ ಹಸಿರು ಕೋಟು. ಮಾತನಾಡುತ್ತಿದ್ದ.

"ಬೆಳಗು ಒಳ್ಳೆಯದಾಗಲಿ, ಬಹಿಜಾ. ಇವತ್ತು ಗಾಳಿ ಜೋರು. ನಿನ್ನ ತಮ್ಮ ದೋಣಿ ಇಳಿಸಿಲ್ಲ, ಹೆದರಬೇಡ. ನಿನ್ನ ಮಲ್ಲಿಗೆಗೆ ನೀರು ಹಾಕಿದೀನಿ."

ಹಮ್ಮಾದಿ ನಿಂತುಬಿಟ್ಟ. ಇನ್ನೇನು ಕೈ ಎತ್ತುತ್ತಾನೋ ಎಂದು ನಾನು ಅವನ ತೋಳು ಹಿಡಿದೆ. ಅವನು ಕೊಡವಿಕೊಂಡು ಮುಂದೆ ಹೋದ.

"ಯಾರ ಹತ್ರ ಮಾತು?"

"ನಿನ್ನ ಅಕ್ಕನ ಹತ್ರ."

"ಸತ್ತೋರಿಗೆ ಕೇಳಿಸಲ್ಲ ಅನ್ನೋರು ನೀವು."

"ಕೇಳಿಸಲ್ಲ."

"ಮತ್ತೆ?"

ಅಲೋಯಿಸ್ ಗಾಳಿಗೆ ಹಾರುತ್ತಿದ್ದ ಕೋಟಿನ ಗುಂಡಿ ಹಾಕಿಕೊಂಡ. ಆಮೇಲೆ ಮೆಲ್ಲಗೆ ಹೇಳಿದ: "ಕಣ್ಣು ಬಿಟ್ಟ ತಕ್ಷಣ ಹೇಳ್ತಿದ್ದ ಮಾತು, ಹಮ್ಮಾದಿ. ಅವಳಿಲ್ಲ ಅಂತ ಬಾಯಿಗೆ ಇನ್ನೂ ತಿಳಿದಿಲ್ಲ."

 ಹಮ್ಮಾದಿ ಬಂದು ಅಲೋಯಿಸನ ಪಕ್ಕದಲ್ಲಿ, ಹೆಗಲಿಗೆ ಹೆಗಲು ತಾಗುವಂತೆ ನಿಂತು, ಗೋರಿಗಳ ಕಡೆ ಮುಖ ಮಾಡಿ ಗಾಳಿಯನ್ನೂ ಮೀರಿಸುವ ದನಿಯಲ್ಲಿ ಸಲಾಂ ಹೇಳಿದ. ಬಳಿಕ ಆ ಹಸಿರು ತೋಳನ್ನು ಹಿಡಿದ.

"ನನ್ನ ಹೆಸರಲ್ಲಿ ಹೇಳಿದ್ಯಾ?" ಎಂದ ಅಲೋಯಿಸ್, ಕಾಲು ಕದಲಿಸದೆ.

"ನನ್ನ ಹೆಸರಲ್ಲಿ ಹೇಳಿದೆ. ಜೊತೆಗೆ ಬಂದೋರಲ್ಲಿ ಒಬ್ಬ ಹೇಳಿದ್ರೆ ಸಾಕು. ನೀನು ಜೊತೆಗಿದೀಯ, ಅಷ್ಟೆ. ನಡಿ ಭಾವ, ಅಕ್ಕ ಕಾಯ್ತಿದಾಳೆ."

ಮಂಡಿ ಎತ್ತೆತ್ತಿ ಅಲೋಯಿಸ್ ದಿಣ್ಣೆ ಇಳಿದ. ಗೋರಿಯ ಅಂಚಿನಲ್ಲಿ ಕೂತು, ಸುಣ್ಣದ ಮೇಲೆ ಅಂಗೈ ಇಟ್ಟು, ನನ್ನತ್ತ ತಿರುಗಿ ಹೇಳಿದ: "ನಮ್ಮಪ್ಪನ ಹೊಸ್ತಿಲಲ್ಲಿ ನನ್ನ ಜೊತೆ ಯಾರೂ ನಿಂತಿರಲಿಲ್ಲ ಮೇಷ್ಟ್ರೇ."

ನಂಬದ ಮಾತನ್ನು ಆಡದ ಮನುಷ್ಯರು ಎಲ್ಲ ದೇಶಗಳಲ್ಲೂ ಹುಟ್ಟುತ್ತಾರೆ, ಎಲ್ಲ ದೇಶಗಳಲ್ಲೂ ಅವರಿಗೆ ಅಹಂಕಾರಿಗಳೆಂಬ ಹೆಸರು ಬರುತ್ತದೆ. ನಾನೂ ಹಾಗೆಯೇ ಎಣಿಸಿದ್ದೆ. ಆದರೆ ಮಾತನ್ನು ನಮ್ಮೆಲ್ಲರಿಗಿಂತ ಭಾರವಾಗಿ ಹಿಡಿದವರು ಅವರೇ. ಆ ಭಾರಕ್ಕೇ ಹೊಸ್ತಿಲುಗಳ ಹೊರಗೆ ನಿಂತುಬಿಡುತ್ತಾರೆ. ಅವರನ್ನು ಒಳಗೆ ಕರೆತರಲು ವಾದದಿಂದಾಗದು, ಗೆರೆಯಿಂದಲೂ ಆಗದು. ಯಾರಾದರೊಬ್ಬರು ಹೊರಗೆ ಬಂದು, ಅವರ ಪಕ್ಕದಲ್ಲಿ ನಿಂತು, ತಮ್ಮ ಪಾಲಿನ ಸಲಾಂ ತಾವು ಹೇಳಬೇಕು.