“ಬಿಡಿ” ಅಲ್ಲ, “ಬಿಡೋ!”

ನಮ್ಮ ಬೀದಿಯ ಕೊನೆಯಲ್ಲಿ ಒಂದು ಓಣಿ ಇದೆ. ಒಂದು ಕಡೆ ಮರದ ಡಿಪೋದ ಹಿಂಗೋಡೆ, ಇನ್ನೊಂದು ಕಡೆ ಬಾಗಿಲು ಮುಚ್ಚಿದ ಗೋದಾಮು. ಬಸ್ ಸ್ಟಾಪಿನಿಂದ ಸುತ್ತು ಹಾಕಿ ಬಂದರೆ ಹದಿನೈದು ನಿಮಿಷ, ಓಣಿಯಲ್ಲಿ ಬಂದರೆ ನಾಲ್ಕೇ ನಿಮಿಷ. ಇಂಥದ್ದೊಂದು ಓಣಿ ನಿಮ್ಮ ಕಡೆಯೂ ಇದ್ದೇ ಇರುತ್ತದೆ. ಓಣಿಯ ಬಾಯಲ್ಲೇ ನನ್ನ ಇಸ್ತ್ರಿ ಅಂಗಡಿ.

ಆ ಮಂಗಳವಾರ ಮಧ್ಯಾಹ್ನ ಮೂರು ಗಂಟೆಗೆ, ಅಂಗಡಿಯಿಂದ ನಲವತ್ತು ಹೆಜ್ಜೆ ದೂರದಲ್ಲಿ, ಒಬ್ಬ ಗಂಡಸು ಬೇಕರಿ ಅಣ್ಣನ ಮಗಳು ಪುಟ್ಟಿಯ ಕೈ ಹಿಡಿದು ಗೋದಾಮಿನ ಕಡೆ ಎಳೆದ. ನಾನು ಅಂಗಡಿಯಲ್ಲೇ ಇದ್ದೆ. ಯಾರದೋ ಪ್ಯಾಂಟಿಗೆ ಗೆರೆ ಕೂರಿಸುತ್ತಿದ್ದೆ. ನನಗೆ ಏನೂ ಕೇಳಿಸಲಿಲ್ಲ, ಯಾಕೆಂದರೆ ಪುಟ್ಟಿ ಕೂಗಲೇ ಇಲ್ಲ.

ಡಿಪೋಗೆ ಬರುವ ಲಾರಿ ಅದೇ ಹೊತ್ತಿಗೆ ಓಣಿಗೆ ತಿರುಗಿ ಹಾರ್ನ್ ಹೊಡೆಯಿತು. ಅವನು ಕೈ ಬಿಟ್ಟು ಬೈಕ್ ಹತ್ತಿ ಹೋದ. ಪುಟ್ಟಿ ಬಂದು ನನ್ನ ಅಂಗಡಿ ಮುಂದೆ ನಿಂತಳು. ಒಂದು ಕಾಲಲ್ಲಿ ಚಪ್ಪಲಿ ಇರಲಿಲ್ಲ. ಮೊಣಕೈ ತರಚಿತ್ತು.

“ಆಂಟಿ, ಸ್ವಲ್ಪ ನೀರು ಕೊಡ್ತೀರಾ?” ಅಂದಳು. ಆ ದನಿ ಕೇಳಲು ನಾನು ಮುಂದಕ್ಕೆ ಬಾಗಬೇಕಾಯಿತು.

ಪುಟ್ಟಿಗೆ ಹತ್ತೊಂಬತ್ತು ವರ್ಷ. ಔಷಧಿ ಅಂಗಡಿಯಲ್ಲಿ ಬೆಳಿಗ್ಗೆ ಏಳರಿಂದ ಎರಡೂವರೆವರೆಗೆ ಕೆಲಸ. ಇನ್ನು ನಾಲ್ಕು ತಿಂಗಳು ಹೋದರೆ ಅನುಭವದ ಪತ್ರ ಸಿಗುತ್ತದೆ, ಅದಿದ್ದರೆ ಮುಂದಿನ ಪರೀಕ್ಷೆಗೆ ಕೂರಬಹುದು. ಸಂಜೆ ಶಾಲೆಯ ಹಾಲಿನಲ್ಲಿ ಟೇಕ್ವಾಂಡೊ ಅನ್ನುವ ಕೊರಿಯಾದ ಒದೆಯುವ ವಿದ್ಯೆ ಕಲಿಯುತ್ತಾಳೆ. ಕೆಂಪು ಬೆಲ್ಟು, ಅಂದರೆ ಕಪ್ಪು ಬೆಲ್ಟಿಗೆ ಒಂದೇ ಮೆಟ್ಟಿಲು ಕೆಳಗೆ. ಹೋದ ತಿಂಗಳಷ್ಟೇ ಪಂದ್ಯದಲ್ಲಿ ಎದುರಾಳಿಯ ತಲೆಗೆ ಒದ್ದು ಪದಕ ತಂದಿದ್ದಳು. “ಒದೆಯೋದು ಕಲಿಯೋಕೆ ಕೊರಿಯಾದವರು ಬೇಕಾ, ನಮ್ಮ ಬೀದಿ ಕತ್ತೆ ಸಾಕಿತ್ತಲ್ಲ” ಅಂತ ಆಗ ನಾನೇ ತಮಾಷೆ ಮಾಡಿದ್ದೆ. ಈಗ ಆ ಮಾತು ನೆನೆದರೆ ನಾಲಿಗೆ ಕಚ್ಚಿಕೊಳ್ಳುವಂತಾಗುತ್ತದೆ.

“ಒದ್ದೆ ಆಂಟಿ, ತಲೆಗೇ ಒದೆಯೋಕೆ ಹೋದೆ. ಹೆಗಲಲ್ಲಿ ಚೀಲ ಇತ್ತು. ನೆಲದ ಮೇಲೆಲ್ಲಾ ಮರದ ಪುಡಿ. ಚಪ್ಪಲಿ ಜಾರಿ ಬಿದ್ದುಬಿಟ್ಟೆ.”

“ನನ್ನನ್ನ ಕೂಗಬಾರದಿತ್ತಾ ತಾಯಿ?”

ಅವಳು ನೀರಿನ ಲೋಟಕ್ಕೆ ಕೈ ಚಾಚಿದಳು. ಅವಳ ಮಣಿಕಟ್ಟಿನ ಮೇಲೆ ನಾಲ್ಕು ಬೆರಳಿನ ಗುರುತು ಕೆಂಪಗೆ ಎದ್ದಿತ್ತು. ನಾನು ಅವಳನ್ನು ಮನೆಗೆ ಕರೆದುಕೊಂಡು ಹೋದೆ.

ಆ ಮನೆಯ ಕಥೆ ಸ್ವಲ್ಪ ಹೇಳಬೇಕು. ಬೇಕರಿ ಅಣ್ಣ ರಾತ್ರಿಯೆಲ್ಲಾ ಒಲೆ ಮುಂದೆ ನಿಂತು ಬ್ರೆಡ್ ಬೇಯಿಸುವವರು, ಹಗಲು ಮಲಗುವವರು. ಹಾಗಾಗಿ ಇಪ್ಪತ್ತು ವರ್ಷದಿಂದ ಆ ಮನೆಯಲ್ಲಿ ಯಾರೂ ಗಟ್ಟಿಯಾಗಿ ಮಾತಾಡಿಲ್ಲ. ಪಾತ್ರೆ ಇಡುವುದು ಬಟ್ಟೆಯ ಮೇಲೆ. ಟಿವಿಗೆ ಚಿತ್ರ ಉಂಟು, ಮಾತಿಲ್ಲ. ಗಂಡ ಹೆಂಡತಿ ಜಗಳವೂ ಪಿಸುಮಾತಿನಲ್ಲೇ. ಪುಟ್ಟಿ ಒದೆತ ಅಭ್ಯಾಸ ಮಾಡುವುದೂ ಹಾಸಿಗೆಯ ಮೇಲೆ, ಸದ್ದಾಗದ ಹಾಗೆ. “ಶ್, ಅಪ್ಪ ಮಲಗಿದ್ದಾರೆ” ಅನ್ನುವುದೇ ಅವಳು ಕಲಿತ ಮೊದಲ ಪಾಠ.

ಅಣ್ಣ ಎದ್ದರು, ವಿಷಯ ಕೇಳಿದರು. ಮುಖ ಸುಣ್ಣದ ಹಾಗಾಯಿತು. ತಡೆದು ತಡೆದು ಹೇಳಿದರು: “ನಾಳೆಯಿಂದ ಕೆಲಸ ಬೇಡ. ಆ ಕುಣಿತದ ಕ್ಲಾಸೂ ಬೇಡ. ಪದಕ ತಂದಳಂತೆ ಪದಕ! ಬೀದೀಲಿ ಸೀಟಿ ಊದೋಕೆ ರೆಫರಿ ಇರ್ತಾನಾ?”

ಅಣ್ಣನ ಹೆಂಡತಿ, ನಮ್ಮ ಬೀದಿಗೆಲ್ಲ ಅಕ್ಕ, ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ನಿಜ ಹೇಳುತ್ತೇನೆ, ನಾನೂ ಅಣ್ಣನ ಮಾತಿಗೆ ತಲೆ ಆಡಿಸಿದೆ. ಪುಟ್ಟಿ ಗೋಡೆ ನೋಡುತ್ತಾ ಕೂತಿದ್ದಳು. ಕೈ ಹಿಡಿದವನು ಯಾವನೋ, ಮನೆಯಲ್ಲಿ ಕೂರುವ ಶಿಕ್ಷೆ ಇವಳಿಗೆ. ಅದು ಅನ್ಯಾಯ ಅಂತ ನಮಗೆ ಯಾರಿಗೂ ಆಗ ಹೊಳೆಯಲೇ ಇಲ್ಲ.

ಮಾರನೆಯ ದಿನ ಪುಟ್ಟಿಗೆ ಕಲಿಸುವ ಮೇಡಂ ಬಂದರು. ಅವರು ಬಸ್ ಕಂಡಕ್ಟರ್. ಡ್ಯೂಟಿ ಮುಗಿಸಿ ಅದೇ ಸಮವಸ್ತ್ರದಲ್ಲಿ ಬಂದಿದ್ದರು. ತುಂಬಿದ ಬಸ್ಸಿನಲ್ಲಿ “ಮುಂದೆ ಹೋಗಿ, ಮುಂದೆ ಹೋಗಿ” ಅಂತ ಅವರು ಕೂಗಿದರೆ ಹಿಂದಿನ ಬಸ್ಸಿನವರೂ ಮುಂದೆ ಹೋಗುತ್ತಾರೆ ಅಂತ ಪ್ರತೀತಿ.

“ಮೊದಲು ಸ್ಟೇಷನ್ನಿಗೆ ಹೋಗೋಣ, ಆಮೇಲೆ ಮಾತು” ಅಂದರು.

“ನಾಲ್ಕು ಜನರ ಬಾಯಿಗೆ ಬೀಳ್ತೀವಿ ಮೇಡಂ” ಅಂದರು ಅಕ್ಕ.

“ತಪ್ಪು ಮಾಡಿದೋನು ತಲೆ ಎತ್ತಿಕೊಂಡು ಓಡಾಡ್ತಾ ಇದಾನೆ. ನೀವ್ಯಾಕಮ್ಮ ತಲೆ ತಗ್ಗಿಸ್ತೀರಿ?”

ದೂರು ಬರೆಸಿ ಬಂದೆವು. ಆದರೆ ಅವನು ಯಾರು, ಎಲ್ಲಿಯವನು, ಗೊತ್ತಿರಲಿಲ್ಲ. ಬೈಕಿನ ನಂಬರನ್ನು ಯಾರೂ ನೋಡಿರಲಿಲ್ಲ. ಅಂದರೆ ಅವನು ಇನ್ನೂ ಹೊರಗೇ ಇದ್ದ.

ಮನೆಗೆ ಬಂದವರೇ ಅಣ್ಣ ಮೇಡಂಗೆ ನೇರವಾಗಿ ಕೇಳಿದರು: “ನಿಮ್ಮ ವಿದ್ಯೆ ಬೀದೀಲಿ ಕೆಲಸಕ್ಕೆ ಬರಲ್ಲ. ಬರುತ್ತೆ ಅಂತೀರಾ?”

“ಅಣ್ಣಾ, ಅರ್ಧ ಸರಿ ಹೇಳಿದ್ರಿ. ಪಂದ್ಯದ ಆಟ ಬೀದೀಲಿ ನಡೆಯಲ್ಲ. ಅಲ್ಲಿ ನೆಲ ಮೆತ್ತಗಿರುತ್ತೆ, ಬರಿಗಾಲಿರುತ್ತೆ, ಎದುರಿನೋನೂ ನಿಯಮ ಕೇಳ್ತಾನೆ. ತಲೆಗೆ ಒದ್ರೆ ಅಂಕ. ಬೀದೀಲಿ ಕಾಲು ಮೇಲೆ ಹೋದಷ್ಟೂ ನಾವು ಕೆಳಗೆ ಬೀಳ್ತೀವಿ. ಇದನ್ನ ಇವಳಿಗೆ ಮೊದಲೇ ಹೇಳದೇ ಇದ್ದದ್ದು ನನ್ನ ತಪ್ಪು. ಪದಕದ ಆಸೇಲಿ ನಾನೂ ಮರೆತೆ.”

ತಪ್ಪು ಒಪ್ಪಿಕೊಳ್ಳುವ ಮೇಷ್ಟ್ರನ್ನು ನಾನು ನೋಡಿದ್ದು ಅದೇ ಮೊದಲು. ಅಣ್ಣನೂ ಸ್ವಲ್ಪ ಮೆತ್ತಗಾದರು.

ಮೇಡಂ ಪುಟ್ಟಿಯ ಕೈಯನ್ನು ಬೆಳಕಿಗೆ ಹಿಡಿದರು. “ಇಲ್ಲಿ ನೋಡಿ. ಈ ಕಡೆ ನಾಲ್ಕು ಬೆರಳು. ಅದು ಗೋಡೆ, ಎಷ್ಟು ಎಳೆದ್ರೂ ಬಿಡಲ್ಲ. ಈ ಕಡೆ ಹೆಬ್ಬೆರಳು ಒಂದೇ. ಅದು ಬಾಗಿಲು. ಹಾಪ್ಕಿಡೊ ಅಂತ ಇನ್ನೊಂದು ಕೊರಿಯಾ ವಿದ್ಯೆ ಇದೆ, ಅದರಲ್ಲಿ ಇದನ್ನೇ ಮೊದಲು ಕಲಿಸ್ತಾರೆ. ಹಿಂದಕ್ಕೆ ಎಳೀಬೇಡ, ಅವನ ಕಡೆಗೇ ಒಂದು ಹೆಜ್ಜೆ ಇಡು, ಮೊಣಕೈ ಮುಂದಕ್ಕೆ ತಂದು ಕೈಯನ್ನ ಹೆಬ್ಬೆರಳಿನ ಕಡೆ ತಿರುಗಿಸು. ಬಿಟ್ಟಿತು ಅಂದ್ರೆ ಮೊಣಕಾಲ ಕೆಳಗೆ ಒಂದೇ ಒದೆತ. ಆಮೇಲೆ ಓಟ. ಚೀಲ ಹೋದ್ರೆ ಹೋಗಲಿ.”

“ಓಡೋದಾ?” ಪುಟ್ಟಿಗೆ ಅವಮಾನವಾದಂತಿತ್ತು. “ಕೆಂಪು ಬೆಲ್ಟು ಇಟ್ಕೊಂಡು?”

“ಬೆಲ್ಟು ಅವನಿಗೆ ಕಾಣಿಸುತ್ತಾ? ಬೀದೀಲಿ ಗೆಲ್ಲೋದು ಅಂದ್ರೆ ಮನೆಗೆ ಬರೋದು.”

ಅಣ್ಣನಿಗೆ ನಂಬಿಕೆ ಬರಲಿಲ್ಲ. ಎದ್ದು ಬಂದು ಮಗಳ ಕೈ ಹಿಡಿದರು. ಹಿಟ್ಟು ನಾದಿ ನಾದಿ ಹಗ್ಗದಂತೆ ಬಿಗಿದ ಕೈ. “ಎಲ್ಲಿ, ಬಿಡಿಸ್ಕೋ.” ಪುಟ್ಟಿ ಹಿಂದಕ್ಕೆ ಜಗ್ಗಿದಳು, ಅಲುಗಲಿಲ್ಲ. ಎರಡನೇ ಸಲ ಹೆಜ್ಜೆ ಮುಂದಿಟ್ಟು ತಿರುಗಿಸಿದಳು. ಅಣ್ಣ ತಮ್ಮ ಖಾಲಿ ಕೈಯನ್ನೇ ನೋಡಿಕೊಂಡರು.

“ಪ್ರತಿ ಸಲ ಹೀಗೇ ಆಗುತ್ತೆ ಅಂತ ನಾನು ಹೇಳಲ್ಲ ಅಣ್ಣ. ಅವನು ಇನ್ನೂ ಬಲವಾಗಿರಬಹುದು, ಜೊತೆಗೆ ಇನ್ನೊಬ್ಬ ಇರಬಹುದು. ಅದಕ್ಕೇ ಕೈಕಾಲಿಗಿಂತ ಮುಂಚೆ ಬಾಯಿ ಬೇಕು. ಟೇಕ್ವಾಂಡೊದಲ್ಲಿ ಕಿಹಾಪ್ ಅಂತೀವಿ, ಹೊಟ್ಟೆಯಿಂದ ಬರೋ ಕೂಗು. ಪುಟ್ಟಿ, ನಿನ್ನೆ ಅವನಿಗೆ ಏನಂದೆ?”

ಪುಟ್ಟಿ ನೆಲ ನೋಡುತ್ತಾ ಹೇಳಿದಳು: “ಬಿಡಿ, ಪ್ಲೀಸ್ ಬಿಡಿ ಅಂದೆ.”

ಮೇಡಂ ಅವಳ ಗಲ್ಲ ಹಿಡಿದು ಮುಖ ಎತ್ತಿದರು. “ಕೈ ಹಿಡಿದು ಎಳೆಯೋನಿಗೆ ಬಹುವಚನವಾ ಮಗಳೇ?”

ನನಗೆ ನಗು ಬಂತು. ನಗುತ್ತಲೇ ಕಣ್ಣು ತುಂಬಿತು. ಎಂಥ ಒಳ್ಳೆಯ ನಡತೆ ಕಲಿಸಿದ್ದೇವೆ ನಾವು! ಹಿಂಸೆ ಕೊಡುವವನಿಗೂ ಮರ್ಯಾದೆ ತಪ್ಪದಂತೆ, ಪಕ್ಕದ ಮನೆಗೂ ಕೇಳಿಸದಂತೆ.

“ಬಿಡೋ ಅನ್ನು. ಗಟ್ಟಿಯಾಗಿ.”

“ಬಿಡೋ” ಅಂದಳು ಪುಟ್ಟಿ. ಬಾಗಿಲು ಕಿರುಗುಟ್ಟಿದಷ್ಟೂ ಸದ್ದಾಗಲಿಲ್ಲ. ಮೂರು ಸಲ ಹೇಳಿಸಿದರು. ಮೂರು ಸಲವೂ ಗಂಟಲಲ್ಲೇ ಸಿಕ್ಕಿಕೊಂಡಿತು. ಅವಳ ಕಣ್ಣು ತಾನಾಗಿಯೇ ಅಪ್ಪನ ಕೋಣೆಯ ಬಾಗಿಲ ಕಡೆ ಹೋಗುತ್ತಿತ್ತು.

ಅದನ್ನು ಅಣ್ಣ ನೋಡಿದರು. ಗೋಡೆಗೆ ಒರಗಿ ಕೂತುಬಿಟ್ಟರು. “ನನ್ನ ನಿದ್ದೆಗೋಸ್ಕರ ಮಗಳ ಬಾಯಿ ಹೊಲಿದುಬಿಟ್ನಲ್ಲ ನಾನು” ಅಂದರು. ಆಮೇಲೆ ಒಂದು ಮಾತು ಹೇಳಿದರು: “ಕೆಲಸಕ್ಕೆ ಹೋಗಬೇಕು ತಾನೇ? ದಿನಾ ಮಧ್ಯಾಹ್ನ ನಾನು ಮಲಗಿದಾಗ ಅಂಗಳದಲ್ಲಿ ನಿಂತು ಕೂಗು. ನಾನು ಎದ್ದರೆ ನೀನು ಪಾಸು. ಅಲ್ಲೀವರೆಗೂ ನಿಮ್ಮಮ್ಮ ಬಸ್ ಸ್ಟಾಪಿಗೆ ಬರ್ತಾಳೆ.”

ಮೊದಲ ದಿನ ಕೂಗಿದಳು, ಅಣ್ಣನ ಗೊರಕೆ ನಿಲ್ಲಲಿಲ್ಲ. ಮೂರನೇ ದಿನ ಮಗ್ಗಲು ಬದಲಿಸಿದರಂತೆ. ಏಳನೇ ದಿನ “ಬಿಡೋ!” ಅಂತ ಕೇಳಿಸಿದ ಕೂಗಿಗೆ ಅಣ್ಣ ದಡಬಡಿಸಿ ಎದ್ದು ಮಂಚದ ಮೇಲಿನ ಗೋಡೆ ಹಲಗೆಗೆ ತಲೆ ಹೊಡೆಸಿಕೊಂಡರು. ಬೀದಿಯ ನಾಯಿಗಳೆಲ್ಲ ಬೊಗಳಿದವು. ಅಣ್ಣ ಬುರುಡೆ ಉಜ್ಜಿಕೊಳ್ಳುತ್ತಾ ಹೊರಗೆ ಬಂದು “ಪಾಸು” ಅಂದರು.

ಓಣಿ ಬಿಟ್ಟು ಸುತ್ತಿನ ದಾರಿಯಲ್ಲೇ ಬಾ ಅಂತ ಮೇಡಂ ಹೇಳಿದ್ದರು. ಪಾಸಾದ ಮೇಲೆ ಒಬ್ಬಳೇ ಬರುವಾಗಲೂ ಪುಟ್ಟಿ ಹಾಗೇ ಬರುತ್ತಿದ್ದಳು. ಆದರೆ ಅವಳು ದಾರಿ ಬದಲಿಸಿದಳು, ಅವನೂ ಬದಲಿಸಿದ.

ಮುಂದಿನ ಗುರುವಾರ, ಅದೇ ಮೂರು ಗಂಟೆ. ಬಿಸಿಲು ಸುರಿಯುತ್ತಿತ್ತು. ಬೀದಿಯಲ್ಲಿ ನರಪಿಳ್ಳೆ ಇಲ್ಲ. ಸುತ್ತಿನ ದಾರಿ ನಮ್ಮ ಬೀದಿಗೆ ಸೇರುವ ನೀರಿನ ಟ್ಯಾಂಕಿನ ತಿರುವಿನಲ್ಲಿ ಬೈಕ್ ನಿಂತಿತ್ತು. ಪುಟ್ಟಿ ಅವನನ್ನು ನೋಡಿದಳು. ಮೊದಲು ನಂಬರ್ ಪ್ಲೇಟ್ ಓದಿ, ಬಾಯಲ್ಲೇ ಎರಡು ಸಲ ಹೇಳಿಕೊಂಡಳು. ಚೀಲವನ್ನು ಹೆಗಲಿಂದ ಕೈಗೆ ಇಳಿಸಿದಳು. ರಸ್ತೆ ದಾಟಿ ಆ ಬದಿಗೆ ಹೋದಳು. ಅವನೂ ದಾಟಿದ. ಹೆಜ್ಜೆ ಜೋರು ಮಾಡಿದಳು. ಹಿಂದಿನ ಹೆಜ್ಜೆಯೂ ಜೋರಾಯಿತು. ಮನೆಗಳ ಹಿಂಗೋಡೆಯ ಹತ್ತಿರ ಬಂದಾಗ ಅವನ ಕೈ ಅವಳ ಮಣಿಕಟ್ಟಿನ ಮೇಲೆ ಬಿತ್ತು, ಅದೇ ಜಾಗದ ಮೇಲೆ.

“ಗಂಟಲು ಒಣಗಿಹೋಯ್ತು ಆಂಟಿ” ಅಂತ ಆಮೇಲೆ ಹೇಳಿದಳು. “ಒಂದು ಕ್ಷಣ ಏನೂ ಬರಲ್ಲ ಅನ್ನಿಸ್ತು.”

“ಬಿಡೋ!”

ನಾನು ಅಂಗಡಿಯಲ್ಲಿ ಕಾಲರ್ ತೀಡುತ್ತಿದ್ದೆ. ಆ ಕೂಗು ಎದೆಗೆ ಬಡಿಯಿತು. “ಬಿಡೋ! ಯಾರಾದ್ರೂ ಬನ್ನಿ! ಬಿಡೋ!” ನಾನು ಓಡಿದೆ. ಡಿಪೋದ ಇಬ್ಬರು ಓಡಿದರು. ತಿರುವಿನಲ್ಲಿ ನಾವು ಕಂಡದ್ದು ಇಷ್ಟು: ಚೀಲ ನೆಲದ ಮೇಲೆ ಬಿದ್ದಿದೆ. ಪುಟ್ಟಿ ಅವನ ಕಡೆಗೇ ಹೆಜ್ಜೆ ಇಟ್ಟು ಕೈ ತಿರುಗಿಸಿದಳು. ಅವನು ಇನ್ನೊಂದು ಕೈ ಚಾಚುವಷ್ಟರಲ್ಲಿ ಮೊಣಕಾಲಿನ ಕೆಳಗೆ ಒದ್ದಳು, ಅವನು ಬಾಗಿದ, ಅವಳು ನಮ್ಮ ಕಡೆ ಓಡಿಬಂದಳು. ಅಲ್ಲಿಗೆ ಮುಗಿಯಿತು. ಸಿನಿಮಾದವರಿಗೆ ಅರ್ಧ ಗಂಟೆ ಬೇಕು ಇದಕ್ಕೆ. ಅವನು ಕುಂಟುತ್ತಾ ಬೈಕಿನ ಕಡೆ ಹೊರಟ. ನನ್ನ ಕೈಯಲ್ಲಿ ಕೆಂಡ ತುಂಬಿದ ಇಸ್ತ್ರಿಪೆಟ್ಟಿಗೆ ಹಾಗೇ ಇದ್ದದ್ದು ನನಗೆ ಗೊತ್ತಾದದ್ದೇ ಅವನು ಅದನ್ನು ನೋಡಿ ಬೈಕನ್ನೂ ಬಿಟ್ಟು ಓಡಿದಾಗ.

ಅಣ್ಣ ಬರಿಗಾಲಲ್ಲಿ, ಬನಿಯನ್ನಿನಲ್ಲಿ ಓಡಿಬಂದರು. ಕಣ್ಣಲ್ಲಿ ಇನ್ನೂ ನಿದ್ದೆ. ಮಗಳನ್ನು ತಬ್ಬಿಕೊಂಡು ಗಟ್ಟಿಯಾಗಿ ಅತ್ತರು.

ನಂಬರ್ ಸಿಕ್ಕಿತು, ಬೈಕೂ ಸಿಕ್ಕಿತು. ಸಂಜೆಯೊಳಗೆ ಪೊಲೀಸರು ಅವನನ್ನು ಹಿಡಿದರು. ಇನ್ನೂ ಇಬ್ಬರು ಹೆಣ್ಣುಮಕ್ಕಳಿಗೆ ಹೀಗೇ ಮಾಡಿದ್ದನಂತೆ. ಅವರು ಯಾರಿಗೂ ಹೇಳಿರಲಿಲ್ಲ. ಈಗ ಅವರೂ ಬಂದು ದೂರು ಕೊಟ್ಟರು.

ಆ ರಾತ್ರಿ ಕೆಲಸಕ್ಕೆ ಹೊರಡುವ ಮುಂಚೆ ಅಣ್ಣ ಮಗಳನ್ನು ಕೇಳಿದ್ದು ಒಂದೇ: “ನಾಳೆ ಏಳಕ್ಕೇ ತಾನೇ ಡ್ಯೂಟಿ?”

ಈಗ ಶನಿವಾರ ಸಂಜೆ ಶಾಲೆಯ ಹಾಲಿನಲ್ಲಿ ಹೆಂಗಸರದ್ದೇ ಒಂದು ಸಾಲು ಇದೆ. ಮಂಡಿ ನೋವಿನವರು, ತೂಕದವರು, ಕಾಲು ಸೊಂಟದವರೆಗೂ ಏಳದವರು. ಏಳುವುದೇ ಬೇಡ ಅನ್ನುತ್ತಾರೆ ಮೇಡಂ. ಕೆಲಸದ ಬಟ್ಟೆಯಲ್ಲೇ, ಚಪ್ಪಲಿಯಲ್ಲೇ, ಹೆಗಲಲ್ಲಿ ಚೀಲ ಹಾಕಿಕೊಂಡೇ ಕಲಿಯಬೇಕು. ಅಕ್ಕ ಎರಡನೆಯವರು, ನಾನು ಆರನೆಯವಳು. ಅಕ್ಕ ಮೊದಲ ಸಲ ಕೂಗಿದಾಗ ತಾವೇ ಬೆಚ್ಚಿಬಿದ್ದರು.

ಓದುತ್ತಿರುವ ಅಕ್ಕಂದಿರೇ, ತಂಗಿಯರೇ, ಅಪ್ಪಂದಿರೇ, ನಿಮ್ಮೂರಿನಲ್ಲಿ ಇಂಥ ವಿದ್ಯೆ ಕಲಿಸುವವರಿದ್ದರೆ ಮಕ್ಕಳನ್ನು ಕಳಿಸಿ, ನೀವೂ ಹೋಗಿ. ಪದಕಕ್ಕೆ ಕಲಿಸುತ್ತೀರೋ ಬೀದಿಗೆ ಕಲಿಸುತ್ತೀರೋ ಅಂತ ಮುಖಕ್ಕೆ ಮುಖ ಕೊಟ್ಟು ಕೇಳಿ. ಎರಡೂ ಒಳ್ಳೆಯದೇ, ಆದರೆ ಎರಡೂ ಒಂದೇ ಅಲ್ಲ. ಕಲಿಸುವವರು ಇಲ್ಲದಿದ್ದರೂ ಕೂಗಲು ಯಾರ ಅಪ್ಪಣೆಯೂ ಬೇಡ. ಇವತ್ತೇ ನಿಮ್ಮ ಮಗಳನ್ನು ಅಂಗಳದಲ್ಲಿ ನಿಲ್ಲಿಸಿ ಒಂದು ಸಲ ಕೂಗಿಸಿ ನೋಡಿ. ಏನಾದರೂ ಆದರೆ ಮುಚ್ಚಿಡಬೇಡಿ, ದೂರು ಕೊಡಿ. ಮಗಳನ್ನು ಮನೆಯಲ್ಲಿ ಕೂಡಿಹಾಕಬೇಡಿ.

ಇನ್ನೊಂದು ಮಾತು, ನನ್ನಂತೆ ಬೀದಿ ಬದಿ ಕೂತು ಕೆಲಸ ಮಾಡುವವರಿಗೆ. ಕೂಗುವುದನ್ನು ಅವರು ಕಲಿತರೆ ಸಾಲದು. ಕೂಗು ಕೇಳಿದಾಗ “ಯಾರ ಮನೆ ಜಗಳವೋ, ನಮಗ್ಯಾಕೆ” ಅನ್ನದೆ ಕೈಯಲ್ಲಿರುವ ಕೆಲಸ ಬಿಟ್ಟು ಹೊರಗೆ ಬನ್ನಿ. ನೀವು ಬರುತ್ತೀರಿ ಅಂತಲೇ ಅವಳು ಕೂಗುವುದು.