ಹದಿನೇಳನೆಯ ಪ್ರಶ್ನೆ

ರಾತ್ರಿ ಹನ್ನೊಂದಾಗಿತ್ತು. ಊಟದ ಮೇಜಿನ ಕಡೆಯಿಂದ ಟಕ್ಕೆಂದು ಪೆನ್ಸಿಲ್ ಕೆಳಗಿಟ್ಟ ಸದ್ದು ಕೇಳಿಸಿತು. ನಾದಿನಿ ನನಗೆ ಅಂಕ ಕೊಟ್ಟು ಮುಗಿಸಿದ್ದಳು.

ನಾನು ಮುಖ್ಯೋಪಾಧ್ಯಾಯಿನಿ, ಅವಳು ನನ್ನ ಶಾಲೆಯಲ್ಲೇ ವಿಜ್ಞಾನದ ಟೀಚರ್. ಮುಖ್ಯಸ್ಥರ ಸೃಜನಶೀಲ ನಾಯಕತ್ವವನ್ನು ಅಳೆಯಲು ಆಡಳಿತ ಮಂಡಳಿ ಆರು ಟೀಚರುಗಳಿಗೆ ಇಪ್ಪತ್ತು ಪ್ರಶ್ನೆ ಕೊಟ್ಟಿತ್ತು. ಒಂದೊಂದಕ್ಕೂ ಒಂದರಿಂದ ಐದರವರೆಗೆ ಅಂಕ. ಸರಾಸರಿ ನಾಲ್ಕು ಮುಟ್ಟದಿದ್ದರೆ ನಾನು ಕುರ್ಚಿ ಬಿಡಬೇಕು. ಪ್ರಶ್ನೆಗಳನ್ನು ನನಗೆ ತೋರಿಸುವಂತಿಲ್ಲ.

"ಅತ್ತಿಗೆ, ಇನ್ನೂ ಮಲಗಿಲ್ವಾ? ಬೆಳಿಗ್ಗೆ ಕಾಫಿ ಚೆನ್ನಾಗಿದ್ರೆ ಒಂದು ಅಂಕ ಜಾಸ್ತಿ!"

"ಹೋಗೇ, ತರಲೆ."

ಅವಳ ಕೋಣೆಯ ಬಾಗಿಲು ಮುಚ್ಚಿತು. ಪ್ರಶ್ನೆಗಳ ಹಾಳೆಯನ್ನು ಒಳಗೊಯ್ದಿದ್ದಳು. ಮೇಜಿನ ಮೇಲೆ ಉಳಿದದ್ದು ಇನ್ನೂ ಅಂಟಿಸದ ಲಕೋಟೆ, ಅದರೊಳಗೆ ಬರೀ ಅಂಕದ ಹಾಳೆ. ಐದು, ನಾಲ್ಕು, ಐದು. ಹದಿನೇಳರ ಮುಂದೆ ಮಾತ್ರ ಒಂದು.

ಎಂಟು ವರ್ಷ ಒಂದೇ ಸೂರಿನಡಿ ಇದ್ದು ಇದೇನಾ ಇವಳು ಕೊಟ್ಟದ್ದು? ರಬ್ಬರಿನಿಂದ ಅದನ್ನು ಅಳಿಸಿ ಐದು ಬರೆದೆ. ರಬ್ಬರಿನ ಪುಡಿಯನ್ನು ಅಂಗೈಗೆ ಗುಡಿಸಿಕೊಂಡು ಸಿಂಕಿಗೆ ಹಾಕಿ ನೀರು ಬಿಟ್ಟೆ.

ಮೂರನೆಯ ದಿನ ಮಂಡಳಿಯ ಪರೀಕ್ಷಕರು ಶಾಲೆಯಲ್ಲಿ ನನ್ನ ಕೋಣೆಯ ಬಾಗಿಲು ಮುಂದೆ ಮಾಡಿ ಕೂತರು.

"ಮೂರು ಪಾಯಿಂಟ್ ಒಂಬತ್ತೆಂಟು, ಮೇಡಂ. ಕೂದಲೆಳೆಯಲ್ಲಿ ತಪ್ಪಿತು. ಈ ಹದಿನೇಳನ್ನ ನೋಡಿ."

ಪ್ರಶ್ನೆಗಳ ಹಾಳೆಯನ್ನು ಮೊದಲ ಸಲ ನೋಡಿದೆ. 'ಹೊಸದೇನಾದರೂ ಹೇಳಿದರೆ ಬಾಯಿ ಮುಚ್ಚಿಸುತ್ತಾರೆ.'

"ಇದಕ್ಕೆ ಕಡಿಮೆ ಕೊಟ್ಟಷ್ಟೂ ನಿಮಗೇ ಒಳ್ಳೇದು, ನಾವು ಒಂದನ್ನ ಐದು, ಐದನ್ನ ಒಂದು ಅಂತ ತಿರುಗಿಸಿ ಲೆಕ್ಕ ಹಾಕ್ತೀವಿ. ಐದು ಜನ ಒಂದು ಕೊಟ್ಟಿದ್ದಾರೆ. ಒಬ್ಬರು ಮಾತ್ರ ಐದು. ಅದೂ ಒಂದಾಗಿದ್ದಿದ್ರೆ ಪಾರಾಗ್ತಿದ್ರಿ."

ಅವರ ಬೆರಳು ನಾನೇ ಬರೆದ ಐದರ ಮೇಲಿತ್ತು. ತಿದ್ದಿದವಳು ನಾನೇ ಎಂದರೆ ಕುರ್ಚಿಯ ಜೊತೆ ಕೆಲಸವೂ ಹೋಗುತ್ತದೆ. ಅವರು ಕುರ್ಚಿ ಬಿಡುವ ಪತ್ರ ಮುಂದಿಟ್ಟರು. ಅವರು ತೋರಿಸಿದಲ್ಲಿ ಸಹಿ ಹಾಕಿದೆ.

ಹದಿನೇಳಕ್ಕೆ ಯಾರೋ ಒಬ್ಬರು ಐದು ಕೊಟ್ಟ ಸುದ್ದಿ ಕೇಳಿ ಸಂಜೆ ನಾದಿನಿ ದಾರಿಯುದ್ದಕ್ಕೂ ಕುದಿಯುತ್ತಿದ್ದಳು.

"ನಮ್ಮ ಆರು ಜನರಲ್ಲಿ ಇದು ಆ ಡ್ರಿಲ್ ಮೇಷ್ಟ್ರದ್ದೇ ಕೆಲಸ! ನಾಳೆ ಎಲ್ಲರೆದುರು ನೀರಿಳಿಸ್ತೀನಿ."

"ಬಿಡೇ, ಪಾಪ."

"ಏನು ಪಾಪ? ಅತ್ತಿಗೆ, ನಾನು ಅದಕ್ಕೆ ಒಂದು ಕೊಟ್ಟಿದ್ದೆ, ಗೊತ್ತಾ?"

ಗೊತ್ತು ಎನ್ನಲು ಹೊರಟ ನಾಲಿಗೆಯನ್ನು ಕಚ್ಚಿಕೊಂಡೆ. ಅವಳು ನನ್ನ ಕೈಚೀಲವನ್ನು ತಾನೇ ಹೊತ್ತು ಮೆಟ್ಟಿಲು ಹತ್ತಿದಳು, ಬೀಗ ತೆಗೆದಳು, ನಾನು ಒಳಗೆ ಬಂದ ಮೇಲೆ ಚಿಲಕ ಹಾಕಿದಳು. ಊಟದ ಮೇಜಿನ ಮೇಲೆ ಆ ಪೆನ್ಸಿಲ್ ಇನ್ನೂ ಬಿದ್ದಿತ್ತು. ಅದನ್ನು ಡ್ರಾಯರಿಗೆ ಹಾಕಿ ಮುಚ್ಚಿದೆ. ಯಾರಿಗೂ ಹೇಳುವುದಿಲ್ಲ. ಡ್ರಿಲ್ ಮೇಷ್ಟ್ರು ನಾಳೆ ನನ್ನ ಮುಖ ನೋಡಿ ಆಣೆ ಮಾಡಿದರೂ ಹೇಳುವುದಿಲ್ಲ.